ಮುಂದಿನ ಕುರ್ಚಿ

ಆವತ್ತು ಅಕ್ಕನಿಗೆ ಬೆಳಿಗ್ಗೆಯೇ ಭಕ್ತಿ ಉಕ್ಕಿ ಬಂತು ಎಂದರೆ ಸುಳ್ಳಾದೀತು. ಉಕ್ಕಿದ್ದು ಹೊಟ್ಟೆಕಿಚ್ಚು.

ತಿಂಗಳಿಗೊಮ್ಮೆ ಅಕ್ಕತಂಗಿಯರ ಮನೆಯಲ್ಲಿ ಪ್ರಾರ್ಥನಾ ಕೂಟ. ಬೈಬಲ್ ಪ್ರಸಂಗ ಮುಗಿಸಿ ಪಾಸ್ಟರು ಮನೆಯವರಲ್ಲಿ ಒಬ್ಬರನ್ನು, "ಇವತ್ತು ಏನು ಮನಸ್ಸಿಗೆ ನಾಟ್ತು?" ಎಂದು ಕೇಳುವುದು ವಾಡಿಕೆ. ಮುಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ ತಂಗಿ ಅರಳು ಹುರಿದಂತೆ ಹೇಳಿಬಿಡುತ್ತಿದ್ದಳು. ಅಕ್ಕನ ಉತ್ತರ ವರ್ಷಗಳಿಂದ ಒಂದೇ: "ನಾನು ಅಡುಗೆಮನೇಲಿದ್ದೆ ಪಾಸ್ಟರೇ." ಹೋದ ಸಲ ಅದಕ್ಕೆ ಎಲ್ಲರೂ ನಕ್ಕಿದ್ದರು. ಊಟ ಮಾತ್ರ ಎರಡೆರಡು ಸಲ ಬಡಿಸಿಕೊಂಡಿದ್ದರು.

"ಇವತ್ತು ಸೌಟು ನಿನಗೆ, ಉತ್ತರ ನನಗೆ," ಎಂದಳು ಅಕ್ಕ.

"ಅಷ್ಟೇ ತಾನೇ? ಕೊಡಕ್ಕಾ." ತಂಗಿ ಅಷ್ಟು ಸಲೀಸಾಗಿ ಒಪ್ಪಿದ್ದೇ ಅಕ್ಕನಿಗೆ ಸರಿಬರಲಿಲ್ಲ.

ಪಾಸ್ಟರು ಪ್ರಸಂಗ ಶುರು ಮಾಡಿದರು. ಒಳಗೆ ಕುಕ್ಕರೂ ಶುರು ಮಾಡಿತು. ಒಂದು ಕೂಗು. ಅಕ್ಕ ಭಕ್ತಿಯಿಂದ ತಲೆದೂಗಿದಳು. ಎರಡು. ಮೂರಕ್ಕೆ ಇಳಿಸಬೇಕು. ಇಳಿಸಿಯಾಳೇ? ನಾಲ್ಕು! ಅಕ್ಕ ಕುರ್ಚಿಯಲ್ಲಿ ಮೈಮೇಲೆ ಇರುವೆ ಬಿಟ್ಟಂತೆ ಮಿಸುಕಾಡಿದಳು.

"ಏನಕ್ಕಾ, ಮೈ ಸರಿಯಿಲ್ವಾ?" ಪಕ್ಕದ ಮನೆಯ ಟೈಲರಮ್ಮ ಪಿಸುಗುಟ್ಟಿದಳು.

"ಗುಂಡುಕಲ್ಲಿನ ಹಾಗಿದ್ದೀನಿ."

"ಮತ್ಯಾಕೆ ಅಡುಗೆಮನೆ ಬಿಟ್ಟು ಕೂತಿದ್ದೀರಾ?"

ಹಿಂದಿನಿಂದ ನರ್ಸಮ್ಮ ಕೈ ಹಿಡಿದು ನಾಡಿ ನೋಡಿದಳು. "ಅಯ್ಯೋ, ಕುದುರೆ ಥರ ಓಡ್ತಿದೆ!" ಓಡದೆ ಏನು ಮಾಡೀತು? ಒಳಗೆ ಐದನೆಯ ಕೂಗು ಬಂದಿತ್ತು.

ಪಾಸ್ಟರು ಪ್ರಸಂಗ ನಿಲ್ಲಿಸಿ, "ಈ ತಾಯಿಗಾಗಿ ಪ್ರಾರ್ಥಿಸೋಣ," ಎಂದರು. ಎಲ್ಲರ ಕೈಗಳೂ ಅಕ್ಕನ ತಲೆಯ ಮೇಲೆ ಬಂದವು. ಇನ್ನು ಏಳುವ ಮಾತೇ ಇಲ್ಲ. ಸುಮ್ಮನೆ ಕೂತದ್ದಕ್ಕೆ ರೋಗಿಯಾದವಳು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎನಿಸಿತು ಅವಳಿಗೆ. ಆ ಕೈಗಳ ಭಾರದಡಿಯಲ್ಲಿ ಅವಳೂ ಮನಸಾರೆ ಪ್ರಾರ್ಥಿಸಿದಳು: "ದೇವರೇ, ಬೇಳೆ ತಳ ಹಿಡಿಯದಿರಲಿ."

ಪ್ರಸಂಗ ಮುಗಿಯಿತು. ಪಾಸ್ಟರು ನಗುತ್ತಾ ಇವಳತ್ತಲೇ ತಿರುಗಿದರು. "ಇವತ್ತು ನೀವೇ ಹೇಳಿಯಮ್ಮಾ. ಏನು ನಾಟ್ತು?"

ಅಕ್ಕ ಇಂಗು ತಿಂದ ಮಂಗನಂತಾದಳು. ಅಡುಗೆಮನೆಯ ನೆಪವೂ ಇರಲಿಲ್ಲ. "ಕುಕ್ಕರ್... ಐದು ಸಲ ಕೂಗ್ತು ಪಾಸ್ಟರೇ."

ನಗು ನಿಲ್ಲುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ತಂಗಿ, ಕೈಯಲ್ಲಿ ಸೌಟು. "ಕೈ ಕೆಲಸದಲ್ಲಿದ್ರೂ ಮನಸ್ಸು ದೇವರ ಹತ್ರ ಇರಬಹುದು, ಮನಸ್ಸೇ ಒಲೆ ಮೇಲಿದ್ರೆ ಕೈಮುಗಿದು ಕೂತು ಏನು ಫಲ ಅಂದ್ರಲ್ಲಾ ಪಾಸ್ಟರೇ, ಅದು ನನಗೆ ನಾಟ್ತು."

ಊಟಕ್ಕೆ ಬಡಿಸುವಾಗ ನೋಡಿದರೆ ಬೇಳೆ ತಳ ಹಿಡಿದಿರಲಿಲ್ಲ. ಅಕ್ಕ ಎರಡು ಸಲ ರುಚಿ ನೋಡಿದಳು. ಒಂದು ತಪ್ಪೂ ಸಿಗಲಿಲ್ಲ, ಅದೇ ಅವಳ ಸಂಕಟ.

"ಮುಂದಿನ ತಿಂಗಳಿಂದ ಒಳಗೆ ನಾನೇ," ಎಂದು ಸೌಟಿಗೆ ಕೈ ಚಾಚಿದಳು.

ತಂಗಿ ಸೌಟನ್ನು ಬೆನ್ನ ಹಿಂದೆ ಹಿಡಿದಳು. "ಬೇಡಕ್ಕಾ. ನೀನು ಪಾತ್ರೆ ಬಡಿಯದಿದ್ರೆ ಒಳಗೆ ಎಷ್ಟು ಚೆನ್ನಾಗಿ ಕೇಳಿಸುತ್ತೆ ಗೊತ್ತಾ!"

ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದ ಪಾಸ್ಟರು ತಲೆಯೆತ್ತಿ ಅಕ್ಕನಿಗೆ ಹೇಳಿದರು, "ಹಾಗೇ ಆಗ್ಲಿ. ಮುಂದಿನ ಸಲವೂ ನಿಮ್ಮನ್ನೇ ಕೇಳ್ತೀನಿ, ಅಮ್ಮಾ."