ಕಾಜಣ್ಣನ ಕಣ್ಣಿನ ತೇಪೆ

ಬೆಳಿಗ್ಗೆ ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ದರ್ಜಿ ಕಾಜಣ್ಣನ ಬಲಗಣ್ಣಿನಲ್ಲಿ ಏನೋ ಚುಳುಕ್ಕೆಂದಿತು.

ಗುಂಡಿಗಿಂತ ಅದು ತೂರುವ ಕಾಜವನ್ನೇ ದೊಡ್ಡದಾಗಿ ಕತ್ತರಿಸುತ್ತಾನೆಂದು ಬೀದಿಯವರು ಇಟ್ಟ ಹೆಸರು ಅದು. ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿತ್ತು. ಆ ಬಲಗಣ್ಣಿನ ಬಿಳಿಯ ಮೇಲೆ ರೆಕ್ಕೆಯಂತೆ ಬೆಳೆದು ಕರಿಗುಡ್ಡೆಗೆ ಕೈಚಾಚಿದ್ದ ಮಾಂಸವನ್ನು ಬೇಸಿಗೆಯ ಮೊದಲಲ್ಲಿ ಡಾಕ್ಟರು ಕೊಯ್ದು, ತೆಳುವಾದೊಂದು ಪದರದ ತೇಪೆ ಹಾಕಿ ಹೊಲಿದಿದ್ದರು. "ವಾಸಿಯಾದ ಮೇಲೂ ಉಪದ್ರ ಬರಬಹುದು ಕಣಯ್ಯಾ. ಚುಚ್ಚಿದ್ರೆ, ಕೆಂಪಾದ್ರೆ ಕೈ ಹಚ್ಚಬೇಡ, ನೇರ ಇಲ್ಲಿಗೆ ಬಾ. ಕೀವಾದ್ರೆ ಕಣ್ಣೇ ಹೋದೀತು. ಧೂಳಿಗೆ ಕನ್ನಡಕ ಹಾಕು" ಎಂದಿದ್ದರು. ಕಾಜಣ್ಣ ಹಾಕಿದ್ದ, ಗೋಡೆಯ ಮೊಳೆಗೆ.

"ಹೊಲಿಗೆ ಬಿಚ್ಚಿತು ಕಣೇ!" ಎಂದು ಹೆಂಡತಿಯನ್ನು ಕೂಗಿದ. ಬೀದಿಗೆ ಅಷ್ಟೇ ಸಾಕಾಯಿತು.

ಪಕ್ಕದ ಹಿಟ್ಟಿನ ಗಿರಣಿಯವನು ಓಡಿಬಂದ. "ಎಳೆ ಕಾಣ್ತಿದೆ ಕಣೋ. ಎಳೆದುಬಿಡ್ತೀನಿ, ತಡಿ."

"ಎಳೀಬೇಡ ಮಾರಾಯ! ಒಂದೆಳೆ ಎಳೆದ್ರೆ ಅಂಗಿಯ ಇಡೀ ತೋಳೇ ಕಳಚಿ ಬೀಳುತ್ತೆ. ನನ್ನ ಕಸುಬು ನನಗೆ ಗೊತ್ತಿಲ್ವಾ? ಗುಡ್ಡೆ ಕೈಗೆ ಬಂದ್ರೆ?"

"ಹಾಗಾದ್ರೆ ಊದ್ತೀನಿ."

ಊದಿದ. ಉಸಿರಿಗಿಂತ ಮೊದಲು ಮೀಸೆಯಲ್ಲಿದ್ದ ಹಿಟ್ಟು ಬಂತು. ಕಣ್ಣು ಹಣ್ಣುಮೆಣಸಿನಕಾಯಿಯಾಯಿತು.

ಎದುರಿನ ಕ್ಷೌರದವನು ಮೂಗಿನ ಕೂದಲು ಕೀಳುವ ಚಿಮುಟ ಹಿಡಿದು ಬಂದ.

"ಅದನ್ನ ತೊಳೆದಿದ್ದೀಯೇನೋ?"

"ಒರೆಸಿದೀನಲ್ಲ!" ಎಂದು ತೊಡೆಗೆ ಇನ್ನೊಮ್ಮೆ ಒರೆಸಿಕೊಂಡ.

ಕಾಜಣ್ಣ ಹಸಿರು ನಿಲುವಂಗಿಗಳ ರಾಶಿಯ ಹಿಂದೆ ಅವಿತ. ಅರ್ಧ ಹೊಲಿದ ಆ ರಾಶಿಯ ಮೇಲೆ ಇಡೀ ಮನೆಯ ಆಸೆ ಇತ್ತು. ಅಷ್ಟು ದೊಡ್ಡ ಕೆಲಸ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಕಣ್ಣು ಕೈಕೊಟ್ಟರೆ ಅದೂ ಕೈಬಿಟ್ಟಂತೆಯೇ. ಅಷ್ಟರಲ್ಲಿ ಅತ್ತೆ ಜೇನಿನ ಬಾಟಲಿಯೊಂದಿಗೆ ರಾಶಿಯನ್ನು ಬಳಸಿ ಬಂದರು. "ಕಣ್ಣಿಗೆ ಜೇನಿಗಿಂತ ಮದ್ದುಂಟಾ?" ಅಳಿಯ ತಲೆ ಹೊರಳಿಸಿದ, ಜೇನು ಎಡಗಣ್ಣಿಗೆ ಬಿತ್ತು. ನೆಟ್ಟಗಿದ್ದ ಒಂದು ಕಣ್ಣೂ ಅಂಟಿಕೊಂಡಿತು.

ಹೆಂಡತಿ ಕೈಹಿಡಿದು ಆಸ್ಪತ್ರೆಗೆ ನಡೆಸಿದಳು. ದಾರಿಯುದ್ದಕ್ಕೂ ಕಂಡವರದೆಲ್ಲ ಒಂದೇ ಪ್ರಶ್ನೆ: "ಅಯ್ಯೋ, ಎರಡೂ ಹೋಯ್ತಾ?"

"ಮದುವೆ ದಿನ ನಂದೂ ಎರಡೂ ಹೋಗಿತ್ತು. ಆಗ ಒಬ್ರೂ ಕೇಳ್ಲಿಲ್ಲ" ಎಂದಳು ಅವಳು.

ಡಾಕ್ಟರು ಎರಡೂ ಕಣ್ಣು ತೊಳೆದು, ಬಲರೆಪ್ಪೆ ಮಗುಚಿ, ಏನನ್ನೋ ಮೆಲ್ಲನೆ ಹೊರಗೆಳೆದು ಬೆಳಕಿಗೆ ಹಿಡಿದರು. "ನಾನು ಹಾಕಿದ ಹೊಲಿಗೆ ಎಂದೋ ಕರಗಿಹೋಗಿದೆ. ಇದು ನಂದಲ್ಲ."

ಹಸಿರು ದಾರದ ತುಣುಕು. ಕಾಜಣ್ಣ ತನ್ನ ಸರಕನ್ನು ಗುರುತಿಸಿ ಬಾಯಿ ಹೊಲಿದುಕೊಂಡ.

"ಸೋಂಕು ತಗುಲಿದೆ. ಹನಿ ಹಾಕಿದ್ರೆ ಇಳಿಯುತ್ತೆ. ಆದ್ರೆ ಮಾಂಸ ಮತ್ತೆ ತಲೆ ಎತ್ತಿದೆ, ಇನ್ನೊಂದು ಸಲ ಕೊಯ್ಯಬೇಕು. ಅಲ್ಲೀವರೆಗೆ ಮಿಷನ್ ಮುಟ್ಟಿದ್ರೆ ನೋಡು!"

"ಬೇಗ ಕೊಯ್ದುಬಿಡಿ ಸ್ವಾಮಿ. ಕೈಯಲ್ಲಿ ದೊಡ್ಡ ಕೆಲಸ ಇದೆ."

ಡಾಕ್ಟರು ನರ್ಸಮ್ಮನ ಕಡೆ ತಿರುಗಿದರು. "ಯಾವಾಗ ಇಟ್ಕೊಳ್ಳೋಣ?"

"ಎಲ್ಲಿಂದ ಸಾರ್? ಆಪರೇಷನ್ನಿಗೆ ಹಾಕ್ಕೊಳ್ಳೋ ಗೌನೆಲ್ಲ ಹರಿದು ಚಿಂದಿಯಾಗಿವೆ. ಹೊಸವು ಬರೋವರೆಗೆ ಕತ್ತಿ ಹಿಡಿಯಲ್ಲ ಅಂತ ನೀವೇ ಅಂದ್ರಲ್ಲ."

"ಹಸಿರು ಬಟ್ಟೆ ಹೊಲಿಯೋಕೆ ಕೊಟ್ಟು ಎಷ್ಟು ಕಾಲ ಆಯ್ತು! ಯಾವನ್ರೀ ಆ ಸೋಮಾರಿ ದರ್ಜಿ?"

ನರ್ಸಮ್ಮ ಕಾಜಣ್ಣ ಕೂತಿದ್ದ ಕುರ್ಚಿಯತ್ತ ಗದ್ದ ಚಾಚಿದಳು. ಆಗತಾನೆ ತೊಳೆದು ಬಿಡಿಸಿದ್ದ ಎಡಗಣ್ಣನ್ನು ಕಾಜಣ್ಣ ತಾನಾಗಿಯೇ ಮುಚ್ಚಿಕೊಂಡ.