ಎಲೆ ಉದುರುವುದನ್ನು ನೋಡಲು ವಿಯೆನ್ನಾಕ್ಕೆ

ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಏನಾದರೊಂದು ಆಗಿಯೇ ಆಗುತ್ತದೆ. ನಾವಾಗಿ ಏನೂ ಮಾಡುವುದಿಲ್ಲ. ಸುಮ್ಮನೆ ಹೋಗುತ್ತೇವೆ, ಅದು ಅದರಷ್ಟಕ್ಕೇ ಆಗುತ್ತದೆ.

ನಾನು ಇಪ್ಪತ್ತು ವರ್ಷದಿಂದ ದುಬೈಯಲ್ಲಿ ಎಸಿ ರಿಪೇರಿಯ ಸೂಪರ್‌ವೈಸರ್. ಡಿಸ್ಕವರಿ ಗಾರ್ಡನ್ಸ್‌ನ ಫ್ಲ್ಯಾಟಿನಲ್ಲಿ ಇರುವುದು ನಾಲ್ಕು ಜನ: ನಾನು, ಹೆಂಡತಿ, ಐದನೇ ಗ್ರೇಡಿನ ಮಗಳು, ಮತ್ತು ಹೆಂಡತಿಯ ತಂದೆ, ಅಂದರೆ ನನ್ನ ಮಾವ. ಮಾವ ಉಡುಪಿ–ಮಂಗಳೂರು ಬಸ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕಂಡಕ್ಟರ್ ಆಗಿದ್ದವರು. ರೆಸಿಡೆನ್ಸ್ ವೀಸಾ ಮಾಡಿಸಿ ಕರೆಸಿಕೊಂಡು ಮೂರು ವರ್ಷವಾಯಿತು.

ಮಗಳಿಗೆ ಶಾಲೆಯಲ್ಲಿ ಋತುಗಳ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದರು. ಎಲೆ ಬಣ್ಣ ತಿರುಗಿ ಉದುರುವುದು ಹೇಗೆ ಎಂದು ಕೇಳಿದಳು. ಕೆಳಗೆ ಕರೆದುಕೊಂಡು ಹೋಗಿ ಖರ್ಜೂರದ ಮರ ತೋರಿಸಿದೆ. ಹತ್ತು ನಿಮಿಷ ನಿಂತೆವು. ಏನೂ ಉದುರಲಿಲ್ಲ. ಬೆವರಿನಲ್ಲಿ ಒದ್ದೆಯಾಗಿ ಮೇಲೆ ಬಂದಾಗ ಹೆಂಡತಿ, ಈ ಸಲದ ರಜೆಗೆ ಯುರೋಪಿಗೇ ಹೋಗುವ ಎಂದಳು. ಹಾಗೆ ಸೆಪ್ಟೆಂಬರ್ ಕೊನೆಗೆ ಒಂದು ವಾರ ವಿಯೆನ್ನಾಕ್ಕೆ ಹೊರಟದ್ದು.

೧. ನೈಫಿನಲ್ಲಿ ಚಳಿ

ಮೊದಲು ಚಳಿಬಟ್ಟೆ ಬೇಕಲ್ಲ. ದುಬೈಯ ಹಳೆಯ ಪೇಟೆ ನೈಫಿನ ಒಂದು ಅಂಗಡಿಗೆ ಹೋದೆವು. ಹೊರಗೆ ನಲವತ್ತೆರಡು ಡಿಗ್ರಿ. ಅಂಗಡಿಯ ಎಸಿ ಕೆಟ್ಟಿತ್ತು. ಅಂಗಡಿಯವನು ನನಗೆ ಮೊಣಕಾಲವರೆಗಿನ ಉಣ್ಣೆಯ ಕೋಟು ತೊಡಿಸಿ, ತಲೆಗೊಂದು ಟೊಪ್ಪಿ ಇಟ್ಟು, ಏನು ಕೆಲಸ ಎಂದು ವಿಚಾರಿಸಿದ. ಎಸಿ ಎಂದೆ. ಅಷ್ಟು ಹೇಳಬಾರದಿತ್ತು. ಅವನ ಮುಖ ನೋಡಿ ಪಾಪ ಅನ್ನಿಸಿತು. ಕೋಟು ಬಿಚ್ಚಲು ಹೋದರೆ ಜಿಪ್ ಸಿಕ್ಕಿಕೊಂಡಿತ್ತು. ಹಾಗೇ ಸ್ಟೂಲ್ ಹತ್ತಿ ಫಿಲ್ಟರ್ ತೆಗೆದು ಕೊಡವತೊಡಗಿದೆ.

ಆ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಒಬ್ಬ ಗಿರಾಕಿ ಬಂದ. ಎಸಿಯ ಕೆಳಗೆ ಕೋಟು ಟೊಪ್ಪಿ ಹಾಕಿ ನಿಂತ ನನ್ನನ್ನು ನೋಡಿ, ಮಗುವಿನ ಕಿವಿ ಮುಚ್ಚಿ, ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿದ: “ಭಾಯಿ, ಎಸಿ ಸ್ವಲ್ಪ ಕಡಿಮೆ ಮಾಡಿ. ಮಗುವಿಗೆ ಶೀತ ಇದೆ.”

೨. ಬಂದ ಕಾರಣ

ವೀಸಾ ಕೇಂದ್ರದ ಕೌಂಟರಿನಲ್ಲಿ ಒಬ್ಬೊಬ್ಬರನ್ನೇ ಪ್ರಶ್ನೆ ಕೇಳುತ್ತಿದ್ದರು. ಏನು ಕೇಳಿದರೂ ಟೂರಿಸಂ ಎನ್ನಿ ಎಂದು ಮಾವನಿಗೆ ಮನೆಯಲ್ಲೇ ಪಾಠ ಮಾಡಿದ್ದೆ. ಆದರೆ ಸರಕಾರಿ ಕಾಗದದ ಮುಂದೆ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿಲ್ಲ. ಕೌಂಟರಿನ ಹುಡುಗಿ ಹಿಂದಿಯಲ್ಲಿ, ಯಾಕೆ ಹೋಗುತ್ತಿದ್ದೀರಿ ಎಂದಾಗ, ಎಲೆ ಬೀಳುವುದನ್ನು ನೋಡಲಿಕ್ಕೆ ಎಂದರು. ಅವಳು ಪೆನ್ನು ಕೆಳಗಿಟ್ಟಳು. ಮತ್ತೊಮ್ಮೆ ಕೇಳಿದಳು. ಮಾವ ಬಾಳೆ ಎಲೆಯಲ್ಲ, ಮರದ ಎಲೆ ಎಂದು ಬಿಡಿಸಿ ಹೇಳಿದರು. ನಾನು ಕುಳಿತಲ್ಲಿಂದಲೇ ತುಟಿ ಅಲ್ಲಾಡಿಸಿ ಟೂರಿಸಂ, ಟೂರಿಸಂ ಎಂದೆ. ವಿಮಾನದ ಟಿಕೆಟ್ ಆಗಲೇ ತೆಗೆದಾಗಿತ್ತು.

ನೀವು ಅಲ್ಲೇ ಉಳಿದುಬಿಡುವುದಿಲ್ಲ, ವಾಪಸ್ ಬರುತ್ತೀರಿ ಎನ್ನುವುದಕ್ಕೆ ಏನು ಖಾತ್ರಿ ಎಂದು ಅವಳು ಕೇಳಿದಳು.

ಮಾವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಎಲೆ ಬಿದ್ದಾದ ಮೇಲೆ ನನಗೆ ಅಲ್ಲಿ ಎಂತ ಕೆಲಸ?” ಎಂದರು.

ನಾಲ್ವರಲ್ಲಿ ಮೊದಲು ವೀಸಾ ಬಂದದ್ದು ಅವರಿಗೇ.

೩. ಕಿಟಕಿ

ವಿಯೆನ್ನಾದ ಹೋಟೆಲ್ ರೂಮಿಗೆ ಹೋದವನೇ ನಾನು ಎಸಿ ಹುಡುಕಿದೆ. ಗೋಡೆ ನೋಡಿದೆ, ಸೀಲಿಂಗ್ ನೋಡಿದೆ, ಕಪಾಟಿನ ಒಳಗೂ ನೋಡಿದೆ. ಇಲ್ಲ. ಕೆಳಗಿನ ರಿಸೆಪ್ಶನ್ನಿನ ಮುದುಕ, ಈ ತಿಂಗಳಲ್ಲಿ ಅದೇಕೆ ಎಂದು ವಾಪಸ್ ಕಳಿಸಿದ. ಇಪ್ಪತ್ತು ವರ್ಷದ ನನ್ನ ಕಸುಬಿಗೆ ಆ ಊರಿನಲ್ಲಿ ಏನೂ ಬೆಲೆಯಿಲ್ಲ ಎಂದು ಬೇಸರದಿಂದ ಮೇಲೆ ಬಂದರೆ, ಹೆಂಡತಿ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ನಿಂತಿದ್ದಳು. ತಣ್ಣನೆಯ ಗಾಳಿ ಬರುತ್ತಿತ್ತು.

ನಾನು ಓಡಿಹೋಗಿ ಕಿಟಕಿ ಮುಚ್ಚಿದೆ. “ಎಸಿ ಹೊರಗೆ ಹೋಗ್ತದೆ!”

“ಎಸಿ ಹೊರಗೇ ಉಂಟು,” ಎಂದಳು ಅವಳು, ಮತ್ತೆ ತೆರೆದಳು.

೪. ಸುಕ್ಕ

ಎಲೆಯ ವಿಷಯದಲ್ಲಿ ನಮಗೆ ಸ್ವಲ್ಪ ಮೋಸವಾಯಿತು. ನಾವು ಹೋದದ್ದು ಒಂದೆರಡು ವಾರ ಬೇಗ. ಮುಕ್ಕಾಲು ಮರ ಇನ್ನೂ ಹಸಿರು. ಬಿದ್ದ ನಾಲ್ಕು ಎಲೆಗಳನ್ನು ಪಾರ್ಕಿನ ಕೆಲಸದವನು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಊದಿ ಒಯ್ಯುತ್ತಿದ್ದ. ಮಗಳು ಅವನ ಮುಂದೆ ಓಡಿ ಹಳದಿಯ ಒಂದೇ ಒಂದು ಎಲೆಯನ್ನು ಉಳಿಸಿಕೊಂಡಳು.

ಎಲೆಗಿಂತ ಹೆಚ್ಚು ಬೀಳುತ್ತಿದ್ದದ್ದು ಕಾಯಿ. ಮುಳ್ಳಿನ ಸಿಪ್ಪೆ ಒಡೆದು ಒಳಗೆ ಕಂದುಬಣ್ಣದ ನುಣ್ಣಗಿನ ಬೀಜ. ಹೆಂಡತಿ ಒಂದನ್ನು ಎತ್ತಿ ನೋಡಿ, ಥೇಟ್ ಹಲಸಿನ ಬೀಜ ಎಂದಳು. ಕೈಚೀಲ ತುಂಬಿಸತೊಡಗಿದಳು. ದುಬೈಗೆ ಒಯ್ದು, ತೆಂಗಿನ ತುರಿ ಮಸಾಲೆ ಹಾಕಿ ಸುಕ್ಕ ಮಾಡುವುದಂತೆ. ಗೊತ್ತಿಲ್ಲದ ಕಾಯಿ ಬೇಡ ಎಂದೆ. ಕೇಳಲಿಲ್ಲ. ಮಗಳು ಮೊಬೈಲಿನಲ್ಲಿ ಹುಡುಕಿ, “ಹಾರ್ಸ್ ಚೆಸ್ಟ್‌ನಟ್. ನಾಟ್ ಈಡಿಬಲ್, ಅಮ್ಮಾ,” ಎಂದಳು. ಅದಕ್ಕೂ ಕೇಳಲಿಲ್ಲ, ಹೆಸರಿನಲ್ಲೇ ಕುದುರೆ ಉಂಟಲ್ಲ, ಕುದುರೆ ತಿನ್ನುವುದನ್ನು ಮನುಷ್ಯ ತಿಂದರೆ ಏನು ಎಂದಳು.

ಬೀದಿಯ ಕೊನೆಗೆ ಪ್ರವಾಸಿಗರನ್ನು ಸುತ್ತಾಡಿಸುವ ಸಾರೋಟು ನಿಂತಿತ್ತು. ಅವಳು ನೇರ ಹೋಗಿ ಕುದುರೆಯ ಮುಂದೆ ಅಂಗೈಯಲ್ಲಿ ಬೀಜ ಹಿಡಿದಳು. ಕುದುರೆ ಮೂಸಿತು. ಅವಳನ್ನು ಒಮ್ಮೆ ನೋಡಿತು. ಮುಖ ಆ ಕಡೆ ತಿರುಗಿಸಿತು.

ಅವಳು ಚೀಲವನ್ನು ಕಸದ ಡಬ್ಬಿಗೆ ಸುರಿದಳು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಯಾರಾದರೂ ಬೇಡ ಎಂದದ್ದನ್ನು ಅವಳು ಒಂದೇ ಸಲಕ್ಕೆ ಕೇಳಿದ್ದು ಅದೇ ಮೊದಲು.

೫. ಟ್ರಾಮಿನಲ್ಲಿ ಚೆಕಿಂಗ್

ಅಲ್ಲಿನ ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ. ಹತ್ತುವಾಗ ಗೇಟೂ ಇಲ್ಲ. ಟಿಕೆಟ್ ಕೊಂಡು, ಒಳಗಿರುವ ಒಂದು ಸಣ್ಣ ಪೆಟ್ಟಿಗೆಯ ಬಾಯಿಗೆ ನಾವೇ ತುರುಕಿ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ. ಜನ ತಾವಾಗಿಯೇ ಹೀಗೆ ಮಾಡುತ್ತಾರೆ ಎಂದರೆ ಮಾವ ನಂಬಲಿಲ್ಲ. ತಮ್ಮ ಟಿಕೆಟಿಗೂ ಮಗಳ, ಮೊಮ್ಮಗಳ ಟಿಕೆಟಿಗೂ ತಾವೇ ಮುದ್ರೆ ಹಾಕಿಸಿ, ತಾರೀಕು ಸರಿ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ನನ್ನದು ನನ್ನ ಕಿಸೆಯಲ್ಲಿತ್ತು. ಅಷ್ಟರಲ್ಲಿ ದುಬೈಯಿಂದ ಫೋನ್ ಬಂತು. ಯಾವುದೋ ಟವರಿನಲ್ಲಿ ಇಡೀ ಒಂದು ಮಹಡಿಯ ಎಸಿ ಖಲಾಸ್. ಅದನ್ನು ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳುವುದರಲ್ಲಿ ಮುದ್ರೆ ಮರೆತೇಹೋಯಿತು.

ನಮ್ಮ ಪಕ್ಕದಲ್ಲಿ ಸೇಬು ತಿನ್ನುತ್ತ ಕೂತಿದ್ದ ಹೆಂಗಸು ಇದ್ದಕ್ಕಿದ್ದಂತೆ ಎದ್ದು ಗುರುತಿನ ಕಾರ್ಡ್ ತೋರಿಸಿದಳು. ಚೆಕಿಂಗ್. ಮಾವನ ಬೆನ್ನು ನೆಟ್ಟಗಾಯಿತು. ತಮ್ಮ ಮೂರು ಟಿಕೆಟನ್ನು ಒಪ್ಪವಾಗಿ ಜೋಡಿಸಿ ಕೊಟ್ಟರು. ಆಮೇಲೆ ಅವಳು ನನ್ನದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮುದ್ರೆ ಎಲ್ಲಿ ಎಂದಳು.

ಇಡೀ ಟ್ರಾಮ್ ನನ್ನನ್ನೇ ನೋಡುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಕೆಂಪು ಸಿಗ್ನಲ್ ಕೂಡ ದಾಟಿದವನಲ್ಲ ನಾನು. ನಮಗೆ ಊರು ಹೊಸದು, ಮೊನ್ನೆಯಷ್ಟೇ ಬಂದದ್ದು, ಟಿಕೆಟ್ ಕೊಂಡದ್ದಂತೂ ನಿಜ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಅವಳು ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ಮಗಳ ಕೈಯಲ್ಲಿದ್ದ ಹಳದಿ ಎಲೆಯನ್ನು ನೋಡಿದಳು. ಮುಖ ಮೆತ್ತಗಾಯಿತು. ಈ ಸಲ ಹೋಗಲಿ, ಈಗ ಮುದ್ರೆ ಹಾಕಿಕೊಳ್ಳಿ ಎಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಮಾವ ಎದ್ದು ನಿಂತರು.

“ಅವಳಿಗೆ ಇಂಗ್ಲಿಷಿನಲ್ಲಿ ಹೇಳು,” ಎಂದು ಮೊಮ್ಮಗಳಿಗೆ ಅಪ್ಪಣೆ ಮಾಡಿದರು. “ಊರಿಗೆ ಹೊಸಬ ಅಂದವರನ್ನೆಲ್ಲ ಬಿಟ್ಟಿದ್ದರೆ ನಮ್ಮ ಬಸ್ಸು ಮೂವತ್ತನಾಲ್ಕು ವರ್ಷ ಧರ್ಮಕ್ಕೆ ಓಡ್ತಿತ್ತು. ಬಿಡ್ಬೇಡಿ ಅಂತ ಹೇಳು.”

ಮಗಳಿಗೆ ಶಾಲೆಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಮಾರ್ಕು. ಒಂದಕ್ಷರ ಬಿಡದೆ ಹೇಳಿದಳು. ಆ ಹೆಂಗಸು ಮಾವನ ಮುಖ ನೋಡಿ, ಒಬ್ಬ ಅಧಿಕಾರಿ ಮೇಲಧಿಕಾರಿಗೆ ತಲೆಬಾಗುವಂತೆ ತಲೆಬಾಗಿ, ದಂಡದ ಪುಸ್ತಕ ತೆರೆದಳು. ರಶೀದಿಯನ್ನು ಮಾವನೇ ಇಸಿದುಕೊಂಡು ಎರಡೂ ಬದಿ ಓದಿ ನನ್ನ ಕೈಗಿಟ್ಟರು.

ಮುಂದಿನ ಸ್ಟಾಪಿನಲ್ಲಿ ಇಳಿದದ್ದೇ ಹೆಂಡತಿ ತಂದೆಯ ಮೇಲೆ ಸಿಟ್ಟಾದಳು. ಚೆಕಿಂಗಿನವಳೇ ಬಿಟ್ಟಿದ್ದಳಲ್ಲ, ಸ್ವಂತ ಅಳಿಯನನ್ನು ಹಿಡಿದುಕೊಡುವುದು ಎಂತ ನ್ಯಾಯ ಎಂದು ಕೇಳಿದಳು.

ಮಾವ ಮಫ್ಲರ್ ಸರಿಮಾಡಿಕೊಂಡರು. ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದರು:

“ಮಗಳನ್ನು ಕೊಡುವಾಗ ಇವರನ್ನು ಒಂದು ಸಲ ಚೆಕ್ ಮಾಡದೆ ಬಿಟ್ಟಿದ್ದೇನೆ. ಎರಡನೇ ಸಲ ಬಿಡ್ಲಿಕ್ಕಾಗುದಿಲ್ಲ.”