ಹನ್ನೆರಡನೆಯ ಹೆಸರಿನ ಷರಾ

ನಾನು ಬಾಯಿಬಿಟ್ಟು ಸುಳ್ಳು ಹೇಳಿದ್ದು ಕಡಿಮೆ. ಬರೆದದ್ದು ಮಾತ್ರ ಬಹಳ. ನಮ್ಮಂಥ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡೆಯದ ಸಭೆಯ ನಡವಳಿ, ನೆಡದ ಗಿಡಗಳ ಎತ್ತರ, ಯಾರೂ ಕೂತು ಕೇಳದ ವಿಶೇಷ ಉಪನ್ಯಾಸಕ್ಕೆ ವಿದ್ಯಾರ್ಥಿಗಳು ತೋರಿದ ಉತ್ಸಾಹ, ಇವನ್ನೆಲ್ಲ ನಾನು ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದ್ದೇನೆ. ಪಾಪಪ್ರಜ್ಞೆ ಅಂತ ಏನೂ ಕಾಡಿರಲಿಲ್ಲ. ನಾನು ಇತಿಹಾಸದ ಲೆಕ್ಚರರ್. ಕಣ್ಣಾರೆ ಕಾಣದವರ ಬಗ್ಗೆ ಗಟ್ಟಿಯಾಗಿ ಮಾತಾಡುವುದೇ ನನ್ನ ಕಸುಬು. ಅಕ್ಬರನ ಸ್ವಭಾವ ಹೀಗಿತ್ತು ಎಂದು ಧೈರ್ಯವಾಗಿ ಹೇಳುವವನಿಗೆ ಹನ್ನೆರಡು ಹುಡುಗಿಯರ ಆಟ ಹೀಗಿದೆ ಎಂದು ಬರೆಯುವುದು ಯಾವ ದೊಡ್ಡ ಮಾತು ಎಂದುಕೊಂಡಿದ್ದೆ. ಅಕ್ಬರ್ ತಿರುಗಿ ಬಂದು ನನ್ನ ಮುಖ ನೋಡುವುದಿಲ್ಲ ಎಂಬ ಅನುಕೂಲವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾರಾಯಣಪೇಟೆಯ ನಮ್ಮ ಕಾಲೇಜಿನಲ್ಲಿ (ಹೆಸರು ಬೇಡ, ನನಗಿನ್ನೂ ಒಂಬತ್ತು ವರ್ಷ ಸರ್ವಿಸ್ ಇದೆ) ಆಟದ ಮೇಷ್ಟ್ರು ಬೇರೆ ಊರಿಗೆ ಡೆಪ್ಯುಟೇಶನ್ ಮೇಲೆ ಹೋದರು. ಹೋದ ಮೂರನೆಯ ದಿನ ಪ್ರಿನ್ಸಿಪಾಲರು ನನ್ನನ್ನು ಕರೆದರು. "ಸಾರ್, ನೀವು ಆರಡಿ ಅದೀರಿ. ಬಾಸ್ಕೆಟ್‌ಬಾಲ್ ನಿಮ್ಮಂಥೋರ ಆಟ. ಗದ್ವಾಲದಾಗ ಕಾಲೇಜು ಕಾಲೇಜಿನ ಪಂದ್ಯ ಅದಾವ. ಅದಕ್ಕ ಮೊದಲ ಐದು ವಾರ ಹುಡಿಗ್ಯಾರ ಪ್ರಾಕ್ಟೀಸ್ ನೋಡ್ರಿ, ಒಬ್ಬೊಬ್ಬರ ಮ್ಯಾಲ ಷರಾ ಬರೀರಿ, ಹನ್ನೆರಡರಾಗ ಹತ್ತು ಮಂದೀನ ಆರಿಸಿ ಕೊಡ್ರಿ" ಅಂದರು. ನನ್ನ ಎತ್ತರದಿಂದ ಆವರೆಗೆ ನನಗಾದ ಉಪಯೋಗವೆಂದರೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಿಕೊಡುವುದೊಂದೇ. ತಳವಿಲ್ಲದ ಬುಟ್ಟಿಗೆ ಇಷ್ಟು ಕಷ್ಟಪಟ್ಟು ಚೆಂಡು ಹಾಕುವುದೇಕೆ ಎಂಬುದೇ ನನಗೆ ತಿಳಿದಿರಲಿಲ್ಲ. ಆದರೆ ಇಲ್ಲ ಎನ್ನುವುದು ನಮ್ಮ ದಸ್ತೂರಿನಲ್ಲಿಲ್ಲ.

ದಸ್ತೂರಿನಲ್ಲಿರುವುದು ಬೇರೆ. ಅಭ್ಯಾಸ ಸೋಮವಾರ ಶುರುವಾಗಬೇಕಿತ್ತು. ನಾನು ಅದರ ಹಿಂದಿನ ಶುಕ್ರವಾರವೇ, ನಮ್ಮ ಕಡೆ ಮಂಡಾಳು ಎನ್ನುವ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಯ ತಟ್ಟೆಯನ್ನು ಪಕ್ಕಕ್ಕಿಟ್ಟುಕೊಂಡು, ಐದು ವಾರದ ಮೌಲ್ಯಮಾಪನವನ್ನು ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದೆ. ಮುಂಚಿತವಾಗಿ ರಿಜಿಸ್ಟರ್ ತುಂಬಿಡುವುದು ನಮ್ಮಲ್ಲಿ ಶಿಸ್ತಿನ ಲಕ್ಷಣ. ಮೊದಲ ದಿನ ಒಂದು ಫೋಟೋ, ಕೊನೆಯ ದಿನ ಒಂದು ಫೋಟೋ, ನಡುವೆ ನನ್ನ ಪಾಡಿಗೆ ನಾನು ಎಂಬುದು ಲೆಕ್ಕಾಚಾರ. ಹನ್ನೆರಡು ಹೆಸರುಗಳ ಮುಂದೆಯೂ ಒಂದೇ ಥರ ಬರೆದರೆ ಅನುಮಾನ ಬರುತ್ತದಲ್ಲ, ಅದಕ್ಕೆ ಬಣ್ಣ ಬಣ್ಣವಾಗಿ ಬರೆದೆ. ಲಲಿತಾ: ಎಡಗೈ ಆಟಗಾರ್ತಿ, ಗುರಿ ಚೆನ್ನಾಗಿದೆ. ಶರಣಮ್ಮ: ವೇಗವಿದೆ, ಬಲ ಕಣಕಾಲು ನಾಜೂಕು. ಭಾಗ್ಯ: ಆಡುವಾಗ ಮಾತು ಕಡಿಮೆ. ಹೀಗೆ ಹನ್ನೊಂದು ಮುಗಿದವು. ಹನ್ನೆರಡನೆಯ ಹೆಸರು ಶಿವಲೀಲಾ, ಊರು ಮಕ್ತಲ್. ಅಷ್ಟರಲ್ಲಿ ಮಿರ್ಚಿ ಮುಗಿದಿತ್ತು, ಕಲ್ಪನೆಯೂ ಮುಗಿದಿತ್ತು. "ಮೂರನೆಯ ವಾರದಿಂದ ಬರುವುದನ್ನು ನಿಲ್ಲಿಸಿದ್ದಾಳೆ" ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದೆ. ಶನಿವಾರ ರಿಜಿಸ್ಟರನ್ನು ಆಟದ ಕೋಣೆಯಲ್ಲಿ, ಚೆಂಡು ಮತ್ತು ಗಾಳಿ ಪಂಪಿನ ಪಕ್ಕದಲ್ಲಿ ಇಟ್ಟು ಬಂದೆ.

ಸೋಮವಾರ ನಾಲ್ಕು ಗಂಟೆಗೆ ಫೋಟೋಕ್ಕೆಂದು ಹೋದೆ. ನಮ್ಮ ಕೋರ್ಟು ಕಾಲೇಜಿನ ಹಿಂದೆ, ನಿಜಾಮರ ಕಾಲದ ಒಂದು ಹಳೆಯ ಕಲ್ಲಿನ ಗೋಡೆಗೆ ಒತ್ತಿಕೊಂಡಿದೆ. ಚೆಂಡು ನೆಲಕ್ಕೆ ಬಡಿದರೆ ಗೋಡೆ ಅದನ್ನು ಒಂದು ಕ್ಷಣ ತಡೆದು ತಿರುಗಿ ಹೇಳುತ್ತದೆ. ಆ ಸದ್ದು ಮೊದಲಿಂದಲೂ ನನಗೆ ಹಿಡಿಸದು. ಒಬ್ಬ ಹುಡುಗಿ ಚೆಂಡು ಹಿಡಿದು ಬಂದಳು, ನಿಂತಳು, ಎಡಗೈಯಿಂದ ಎಸೆದಳು. ಚೆಂಡು ಬಳೆಯೊಳಗೆ ಇಳಿಯಿತು. "ನಿನ್ನ ಹೆಸರೇನವ್ವ?" ಎಂದೆ. "ಲಲಿತಾರಿ." "ನೀನು ಎಡಚಿ ಏನು?" ಹುಡುಗಿ ನನ್ನನ್ನು ಒಂದು ಥರ ನೋಡಿದಳು. "ಈಗ ಹೌದ್ರಿ ಸಾರ್" ಅಂದಳು.

ಕಾಕತಾಳೀಯ ಎಂದುಕೊಂಡೆ. ಇತಿಹಾಸದಲ್ಲಿ ಇಂಥವು ಬೇಕಾದಷ್ಟಿವೆ. ಆದರೂ ಮರುದಿನ ಹೋಗದೆ ಇರಲು ಆಗಲಿಲ್ಲ. ಮಂಗಳವಾರ ಶರಣಮ್ಮ ಓಡುತ್ತ ಬಂದು, ಯಾರೂ ಮುಟ್ಟದೆ, ಯಾವ ಕಲ್ಲೂ ಇಲ್ಲದ ಕಡೆ ಕುಸಿದು ಕೂತಳು. ಬಲಗಾಲು. ಕಣಕಾಲು ನೋಡನೋಡುತ್ತ ಊದಿತು. ಉಳಿದ ಹನ್ನೊಂದು ಹುಡುಗಿಯರು ಸುತ್ತ ನಿಂತು ಅವಳ ಕಾಲನ್ನು ನೋಡಬೇಕಲ್ಲವೆ? ಅವರೆಲ್ಲ ನನ್ನ ಕೈಯಲ್ಲಿದ್ದ ರಿಜಿಸ್ಟರನ್ನು ನೋಡುತ್ತಿದ್ದರು. ಬುಧವಾರ ಭಾಗ್ಯ ಬಾಯಿ ಬಿಡಲಿಲ್ಲ. ಅವಳು ನನ್ನ ಕ್ಲಾಸಿನ ಹುಡುಗಿ ಎಂಬುದು ನನಗೆ ಗೊತ್ತಾದದ್ದೇ ಅಂದು. ಮೊಘಲರ ಪತನದ ಪಾಠದಲ್ಲಿ ನನಗಿಂತ ಹೆಚ್ಚು ಮಾತಾಡಿದ್ದವಳು ಅವಳು. ಈಗ ತುಟಿ ಬಿಗಿದುಕೊಂಡು ಓಡುತ್ತಿದ್ದಳು. ಅವಳು ಸುಮ್ಮನಾದ ಮೇಲೆ ಉಳಿದವರೂ ಸುಮ್ಮನಾದರು. ಹನ್ನೊಂದು ಹುಡುಗಿಯರು ಒಂದು ಸೊಲ್ಲೂ ಇಲ್ಲದೆ ಆಡುವುದನ್ನು ನೀವು ನೋಡಿದ್ದೀರಾ? ಚೆಂಡಿನ ಸದ್ದು, ಆಮೇಲೆ ಗೋಡೆಯ ಸದ್ದು. ಹಾಡುಹಗಲು, ಬಿಸಿಲಿನ್ನೂ ಇಳಿದಿಲ್ಲ, ನಾನು ಮಾತ್ರ ಗೋಡೆಗೆ ಬೆನ್ನು ಮಾಡಿ ನಿಲ್ಲಲಾರದೆ ಜಾಗ ಬದಲಿಸಿದೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, "ಹಂಗಿದ್ರ ನನ್ನ ಹೆಸರೂ ಬರೀರಿ. ಮೊಣಕಾಲು ನೋವು ಪೂರಾ ವಾಸಿ ಆಗೈತಿ ಅಂತ ಷರಾ ಹಾಕ್ರಿ, ನೋಡೋಣ" ಅಂದಳು. ನಾನು ನಗಲಿಲ್ಲ. ನಿಜ ಹೇಳುತ್ತೇನೆ, ಒಂದು ಗಳಿಗೆ ಪೆನ್ನು ಎಲ್ಲಿದೆ ಎಂದು ಹುಡುಕಿದೆ ಕೂಡ.

ಆಮೇಲೆ ನನ್ನ ಕಣ್ಣೆಲ್ಲ ಹನ್ನೆರಡನೆಯ ಹೆಸರಿನ ಮೇಲೆ. ಶಿವಲೀಲಾ ಸಣಕಲು ಹುಡುಗಿ, ಎರಡು ಜಡೆ, ಕಾಲಿಗೆ ಅಣ್ಣನದಿರಬೇಕು ಎನಿಸುವ ದೊಡ್ಡ ಬೂಟು. ಆಟ ತಿಳಿಯದ ನನಗೂ ಒಂದು ಕಾಣುತ್ತಿತ್ತು. ಅವಳು ಚೆಂಡು ಕೊಟ್ಟ ಜಾಗದಲ್ಲಿ ಆಗ ಯಾರೂ ಇರುತ್ತಿರಲಿಲ್ಲ, ಚೆಂಡು ಅಲ್ಲಿಗೆ ತಲುಪುವ ಹೊತ್ತಿಗೆ ಯಾರಾದರೂ ಬಂದಿರುತ್ತಿದ್ದರು. ಹತ್ತು ಮಂದಿಯಲ್ಲಿ ಮೊದಲನೆಯವಳು ಅವಳೇ ಎಂದು ನನ್ನಂಥ ಅರಸಿಕನಿಗೂ ಖಾತ್ರಿಯಾಯಿತು. ಆದರೆ ರಿಜಿಸ್ಟರ್ ಬೇರೆ ಹೇಳುತ್ತಿತ್ತು. ಎರಡನೆಯ ವಾರದ ಕೊನೆಗೆ ನಾನು ಮಾಡಬಾರದ್ದನ್ನು ಮಾಡಿದೆ, ಆ ಷರಾದ ಮೇಲೆ ವೈಟ್ನರ್ ಬಳಿದೆ. ಒಣಗಿದ ಮೇಲೆ ನೋಡಿದರೆ ಬಿಳಿಯ ಕೆಳಗಿಂದ ಅಕ್ಷರಗಳು ಮೆಲ್ಲಗೆ ಮೇಲೆದ್ದು ಬರುತ್ತಿದ್ದವು. ವೈಟ್ನರ್ ಹಳೆಯದು, ನೀರಾಗಿತ್ತು ಎಂದು ಕ್ಲರ್ಕ್ ಹೇಳಿದ. ಇರಬಹುದು. ನಾನು ರಿಜಿಸ್ಟರ್ ಮುಚ್ಚಿ ಅದರ ಮೇಲೆ ಪೇಪರ್‌ವೇಟ್ ಇಟ್ಟೆ.

ಮೂರನೆಯ ವಾರದ ಸೋಮವಾರ ಶಿವಲೀಲಾ ಬರಲಿಲ್ಲ. ಮಂಗಳವಾರವೂ ಇಲ್ಲ. ಯಾಕೆ ಎಂದು ಹುಡುಗಿಯರನ್ನು ಕೇಳಿದೆ. ಅವರು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದರು. ಭಾಗ್ಯ ಮಾತ್ರ, ಎರಡು ವಾರದಲ್ಲಿ ಮೊದಲ ಸಲ ಬಾಯಿ ತೆರೆದು, "ನಿಮಗ ಗೊತ್ತಿಲ್ಲೇನ್ರಿ ಸಾರ್?" ಅಂದಳು. ಹುಡುಗಿಗೆ ಏನಾಗಿದೆಯೋ, ಏನೇ ಆಗಿದ್ದರೂ ಅದು ನನ್ನ ಕೈಬರಹದಲ್ಲಿದೆ.

ಬುಧವಾರ ಬೆಳಿಗ್ಗೆ ರಜೆ ಹಾಕಿ ಮಕ್ತಲ್ ಬಸ್ ಹತ್ತಿದೆ. ರಿಜಿಸ್ಟರ್ ಜೊತೆಗೇ ಇತ್ತು. ಅದನ್ನು ಬಿಟ್ಟು ಹೋಗಲು ಧೈರ್ಯವಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸು, "ಅಣ್ಣ, ಅದನ್ನ ಮ್ಯಾಲ ಇಡ್ರಲ್ಲ, ಎಳೀ ಕೂಸಿನ್ನ ಹಿಡದಂಗ ಹಿಡದೀರಿ" ಅಂದಳು. ನಾನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಶಿವಲೀಲಾಳ ತಂದೆಯದು ಸ್ಟೀಲ್ ಪಾತ್ರೆಯ ಅಂಗಡಿ, ಹಿಂದೆ ಮನೆ. ಒಳಗೆ ಕಾಲಿಟ್ಟರೆ ಸಾಲು ಸಾಲು ಬಿಂದಿಗೆಗಳಲ್ಲಿ ನಾನೇ ನಿಂತಿದ್ದೆ, ಪ್ರತಿಯೊಂದರಲ್ಲೂ ಮೂಗು ದೊಡ್ಡದು, ಕಂಕುಳಲ್ಲಿ ರಿಜಿಸ್ಟರ್. ಕಾಲೇಜಿನಿಂದ ಬಂದವನೆಂದು ಹೇಳಿ, ಹುಡುಗಿ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ತಂದೆ ಗಿರಾಕಿಗೆ ತೆಲುಗಿನಲ್ಲಿ ದರ ಹೇಳುತ್ತಲೇ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. "ಕುಂದರ್ರಿ ಸಾರ್. ಗದ್ವಾಲದಾಗ ನಮ್ಮಕ್ಕನ ಸೀರಿ ಅಂಗಡಿ ಐತ್ರಿ. ಆಕಿಗೆ ಕಣ್ಣಿನ ಆಪರೇಷನ್ ಆಗೈತಿ. ಅಂಗಡಿ ನೋಡಾಕ ಓದಿದ ಹುಡುಗಿ ಬೇಕಂದ್ಲು. ನಾಳೆ ಕಳಸಾಕತ್ತೀನಿ. ಹುಡುಗಿಗೂ ಒಪ್ಪಿಗಿ ಐತಿ. ಬ್ಯಾಡ ಅಂತಾಳ ಅಂತ ಅಂಜಿದ್ದೆ, ಒಂದ್ ಮಾತೂ ಆಡಲಿಲ್ರಿ." ಇಷ್ಟು ಹೇಳಿ ಚಹಾ ತರಲು ಎದುರಿನ ಹೋಟೆಲಿಗೆ ಹೋದರು.

ಶಿವಲೀಲಾ ಒಳಬಾಗಿಲಲ್ಲಿ ನಿಂತಿದ್ದಳು. ನಾನು, "ಯಾಕವ್ವ, ಬ್ಯಾಡ ಅನ್ನಬೇಕಿತ್ತಲ್ಲ?" ಎಂದೆ.

"ಅನ್ನೋಣ ಅಂತ ಮಾಡಿದ್ದೆರಿ. ಆದ್ರ ನೀವು ಮೊದಲೇ ಬರದಿದ್ರಿ."

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಚೆಂಡಿಗೆ ಗಾಳಿ ಹಾಕಲು ಶನಿವಾರವೇ ಹುಡುಗಿಯರು ಆ ಕೋಣೆಗೆ ಹೋಗಿದ್ದರು. ರಿಜಿಸ್ಟರ್ ತೆರೆದು ಹನ್ನೆರಡೂ ಷರಾ ಓದಿದ್ದರು. "ಲಲಿತಾ ಬಲಗೈಯಾಕೀರಿ. ಸಾರ್ ಬರದಾರ ಅಂತ ಎಡಗೈಲೆ ಒಗದ್ಲು, ಬಿತ್ತು. ಭಾಗ್ಯಾಗ ಮಾತು ಕಡಿಮಿ ಮಾಡಿದ್ರ ಸಾರ್ ಆರಸ್ತಾರ ಅಂತ ಅನಸ್ತು. ಶರಣಮ್ಮ ಬಲಗಾಲು ಮುರೀತೈತಿ ಅಂತ ಅಂಜಿ ಅಂಜಿ ಹೆಜ್ಜಿ ವಾರೆ ಇಟ್ಲು." ಬಿಗಿಹಿಡಿದಿದ್ದ ರಿಜಿಸ್ಟರನ್ನು ನಾನು ಅಂದು ಮೊದಲ ಸಲ ಸಡಿಲಿಸಿ ತೊಡೆಯ ಮೇಲಿಟ್ಟುಕೊಂಡೆ. ದೆವ್ವವಲ್ಲ, ಭೂತವಲ್ಲ, ಬರೀ ನಾನು. ಹುಡುಗಿ ನಿಲ್ಲಿಸಿರಲಿಲ್ಲ. "ಆದ್ರ ಸಾರ್, ನಂದು ಹೆಂಗ ಗೊತ್ತಾತ್ರಿ? ನಾವು ಓದಿದ್ದು ಶನಿವಾರ. ಅತ್ತಿ ಫೋನ್ ಬಂದದ್ದು ಮರುದಿನ ಐತ್ವಾರ. ಎರಡು ವಾರ ಬಿಟ್ಟು, ಮೂರನೇ ವಾರದಾಗ ಕಳಸ್ರಿ ಅಂದ್ಲು. ಹೊರಗ ಯಾರಿಗೂ ಗೊತ್ತಿದ್ದಿಲ್ಲ. ಅದಕ್ಕ, ಹಣೀಬರಹ ಇರಬೇಕು ಅಂತ ಸುಮ್ಮನಾದೆ."

ಬಿಂದಿಗೆಗಳೊಳಗಿನ ನನ್ನ ಅಷ್ಟೂ ಮುಖಗಳು ಬೆಳ್ಳಗಾದವು. ಅನುಭವದಿಂದ ತಿಳಿಯಿತವ್ವ ಎಂದು ಗಂಭೀರವಾಗಿ ಹೇಳಿ ಎದ್ದು ಬರಬಹುದಿತ್ತು. ನನ್ನ ಮರ್ಯಾದೆ ಉಳಿಯುತ್ತಿತ್ತು, ಹುಡುಗಿ ಸೀರೆ ಮಡಚುತ್ತ ಗದ್ವಾಲದಲ್ಲಿ ಉಳಿಯುತ್ತಿದ್ದಳು. ಚಹಾ ಬರುವುದರೊಳಗೆ ತೀರ್ಮಾನವಾಗಬೇಕಿತ್ತು. ತಲೆ ತಗ್ಗಿಸಿ ಹೇಳಿದೆ: "ನನಗ ಏನೂ ಗೊತ್ತಿದ್ದಿಲ್ಲವ್ವ. ನಿಮ್ಮ ಯಾರ ಮುಖಾನೂ ನೋಡದ ಮನ್ಯಾಗ ಕುಂತು ಬರದೆ. ನಿನ್ನ ಹೆಸರು ಕಡೀಕಿತ್ತು. ಬರಿಯಾಕ ಬ್ಯಾರೆ ಏನೂ ಹೊಳೀಲಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ವಿದ್ಯಾರ್ಥಿಯೊಬ್ಬರ ಮುಂದೆ ನಾನು ಹೇಳಿದ ಮೊದಲ ನಿಜ ಅದೇ ಇರಬೇಕು. ಅವಳು ನನ್ನ ತೊಡೆಯ ಮೇಲಿನ ರಿಜಿಸ್ಟರನ್ನು ನೋಡಿದಳು. ಆಮೇಲೆ, "ಉಳದೋರದೂ ಹಂಗೇನ್ರಿ?" ಅಂದಳು. ಹೌದು ಎಂದೆ.

"ಅವರಿಗೆ ಹೇಳಬ್ಯಾಡ್ರಿ ಸಾರ್. ಚಂದ ಆಡಾಕತ್ಯಾರ."

ತಂದೆ ಚಹಾ ತಂದರು. ಮಗಳು ಅವರೆದುರು ನಿಂತು, ನಾನು ಗದ್ವಾಲಕ್ಕ ಹೋಗ್ತೀನಿ, ಆದ್ರ ಚೆಂಡು ಹಿಡಕೊಂಡು, ಅತ್ತಿ ಅಂಗಡೀಗೆ ಬ್ಯಾರೆ ಯಾರನ್ನರ ನೋಡು ಅಪ್ಪ ಅಂದಳು. ಅವರು ನನ್ನ ಕಡೆ ನೋಡಿದರು. ನಾನು, "ಹುಡುಗಿ ಭಾಳ ಚಲೋ ಆಡ್ತಾಳ್ರಿ, ನಾನೇ ನೋಡೀನಿ" ಎಂದೆ. ಅದನ್ನು ಮಾತ್ರ ನಿಜವಾಗಿಯೂ ನೋಡಿದ್ದೆ. ಅವರು ಗ್ಲಾಸು ಕೆಳಗಿಟ್ಟು, "ನಮ್ಮಕ್ಕಗ ನೀನೇ ಹೇಳು ಮತ್ತ, ನನ್ನಿಂದ ಆಗಂಗಿಲ್ಲ" ಅಂದರು. ಅಲ್ಲಿಗೆ ಒಪ್ಪಿಗೆಯಾಯಿತು.

ನಾನು ರಿಜಿಸ್ಟರ್ ತೆರೆದು ಆ ಷರಾಕ್ಕೆ ಗೀಟು ಹಾಕಿ ಸಹಿ ಮಾಡಿದೆ. ಈಗ ಏನು ಬರೆಯಲಿ ಎಂದು ಕೇಳಿದೆ. "ಆಡಿದ ಮ್ಯಾಲ ಬರೀರಿ" ಅಂದಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಹಗುರಾಗಿ ಊರಿಗೆ ಬರುತ್ತಿದ್ದೆ. ಹುಡುಗಿ ರಿಜಿಸ್ಟರನ್ನು ತನ್ನ ಕಡೆ ಎಳೆದುಕೊಂಡು ಕೊನೆಯ ಹಾಳೆ ತಿರುಗಿಸಿದಳು. ಅಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ, "ಐದು ವಾರವೂ ಪ್ರತಿದಿನ ಖುದ್ದು ಹಾಜರಿದ್ದು, ಪ್ರತಿಯೊಬ್ಬರ ಆಟವನ್ನೂ ಗಮನಿಸಿದ್ದೇನೆ" ಎಂದಿತ್ತು. ಕೆಳಗೆ ಸಹಿ. ಸಹಿಯ ಕೆಳಗಿನ ತಾರೀಕು ಇನ್ನೂ ಬಂದಿರಲಿಲ್ಲ.

ಅವಳು ಬೆರಳು ಮಡಚಿ ಎಣಿಸಿದಳು. "ಇನ್ನ ಹದಿನೆಂಟು ದಿನ ಐತ್ರಿ ಸಾರ್" ಅಂದಳು.

ಆಗ ನನಗೆ ಹೊಳೆಯಿತು. ಎರಡೇ ದಿನ ಹೋಗುವುದೆಂದು ನಿಶ್ಚಯಿಸಿದ್ದವನು ಅಲ್ಲಿಯವರೆಗೆ ಒಂದು ದಿನವನ್ನೂ ತಪ್ಪಿಸಿರಲಿಲ್ಲ. ಭಯದಿಂದಲೋ ಏನೋ, ಕಾಲು ತಾನಾಗಿ ಕೋರ್ಟಿಗೆ ನಡೆದಿತ್ತು. ರಜೆ ಹಾಕಿದ ಆ ಬುಧವಾರವೂ ಬಸ್ಸಿಳಿದಾಗ ಗಂಟೆ ನಾಲ್ಕಾಗಲು ಐದು ನಿಮಿಷವಿತ್ತು, ಮನೆ ಕಡೆ ಹೊರಟವನು ಚೆಂಡಿನ ಸದ್ದು ಕೇಳಿದಾಗಲೇ ಎಲ್ಲಿದ್ದೇನೆಂದು ನೋಡಿಕೊಂಡದ್ದು. ಈಗ ಹನ್ನೆರಡೂ ಜನ ಆಡುತ್ತಾರೆ, ಶರಣಮ್ಮನ ಕಾಲು ವಾಸಿಯಾಗಿದೆ, ಭಾಗ್ಯ ಕಣ್ಣಲ್ಲೇ ಮಾತಾಡುತ್ತಾಳೆ. ನನ್ನ ಪೆನ್ನು ಜೇಬಿನಲ್ಲೇ ಇರುತ್ತದೆ. ನಿನ್ನೆ ಮೈಯಲ್ಲಿ ಜ್ವರವಿತ್ತು, ಹೆಂಡತಿ ಕಂಬಳಿ ಹೊದಿಸಿ ಮಲಗಿಸಿದ್ದಳು. ನಾಲ್ಕು ಗಂಟೆಗೆ ನಾನು ಕಂಬಳಿ ಸಮೇತ ಕೋರ್ಟಿನ ಅಂಚಿನಲ್ಲಿದ್ದೆ. ಶಿವಲೀಲಾ ಚೆಂಡನ್ನು ಒಂದು ಸಲ ನೆಲಕ್ಕೆ ಬಡಿದು, ನಾನು ಬಂದದ್ದನ್ನು ನೋಡಿ, ಆಟ ಶುರುಮಾಡಿದಳು.